ಒಳಗೆ ಯಾರೂ ಇರಬಾರದು

ಹೊಗೆಸೊಪ್ಪಿನ ಎಲೆ ವಿಂಗಡಿಸಲು ಒಳ್ಳೆಯ ಬೆಳಕು ಬೇಕು, ಬಗ್ಗಿ ಕೂರುವ ಬೆನ್ನು ಬೇಕು, ತಲೆಯಲ್ಲಿ ಬೇರೆ ಯೋಚನೆ ಇರಬಾರದು. ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಚೆಲುವರಾಜು ಮನೆಯ ಹಿಂದೆ ಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲಿ ಕೂತು, ಹಳದಿ ಎಲೆಯನ್ನು ಕಂದು ಎಲೆಗಳ ಕಟ್ಟಿಗೆ ಸೇರಿಸಿ, ಕಂದನ್ನು ಹಳದಿಗೆ ಸೇರಿಸಿ, ಎರಡನ್ನೂ ಬಿಚ್ಚಿ ಮತ್ತೆ ಮೊದಲಿಂದ ಶುರುಮಾಡಿದ್ದ. ಆತುರವೇನೂ ಇರಲಿಲ್ಲ. ಹಬ್ಬದ ದಿನ ಊರಿನಲ್ಲಿ ಯಾರೂ ಸೊಪ್ಪು ಮುಟ್ಟುವುದಿಲ್ಲ. ಆದರೆ ಮನೆಯೊಳಗೆ ಹೋದರೆ ನಡುವಿನ ಹಾಲು ದಾಟಬೇಕು, ಹಾಲಿನಲ್ಲಿ ಅತ್ತೆಯ ಮಂಚವಿತ್ತು, ಮಂಚದ ಮೇಲಿಂದ ಅತ್ತೆ ಅವನನ್ನು ನೋಡುತ್ತಿದ್ದಳು. ಏನನ್ನೋ ಕೇಳುವ ನೋಟವಲ್ಲ ಅದು. ತಿರುಗುವ ಫ್ಯಾನನ್ನು, ಗೋಡೆಯ ಕ್ಯಾಲೆಂಡರನ್ನು ನೋಡುವ ಹಾಗೆಯೇ ಅವನನ್ನೂ ನೋಡುತ್ತಿದ್ದಳು. ಅದೇ ಅವನಿಗೆ ತಡೆಯಲಾಗುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು.

ಅತ್ತೆ ಚಿಕ್ಕಬಸಮ್ಮ ಅವನಪ್ಪ ಜವರಯ್ಯನ ಒಡಹುಟ್ಟಿದ ತಂಗಿ, ಕೃಷ್ಣರಾಜನಗರಕ್ಕೆ ಮದುವೆಯಾಗಿ ಹೋದವಳು. ಹೋದ ವರ್ಷ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಐದು ದಿನದ ಹಿಂದೆ ಅವಳ ಮಗ ಕುಮಾರ ಕಾರಿನಲ್ಲಿ ಕರೆತಂದು, ಮಧ್ಯೆ ತೂತು ಕೊರೆದ ಒಂದು ಪ್ಲಾಸ್ಟಿಕ್ ಕುರ್ಚಿ, ಮಾತ್ರೆಯ ಚೀಲ, ಅರ್ಧ ಖಾಲಿಯಾದ ಒಂದು ಡೈಪರ್ ಪೊಟ್ಟಣ ಇಳಿಸಿ, ‘ಹಿರೀಕರ ಹಬ್ಬುಕ್ಕೆ ತೌರುಮನೇಲೇ ಇರ್ಬೇಕು ಅಂತ ಒಂದೇ ಅಟ ಬಾವ. ಹಬ್ಬ ಮುಗ್ದ ಮಾರ್ನೆ ದಿಸ ಬಂದು ಕರ್ಕೊಂಡೋಯ್ತೀನಿ’ ಎಂದವನು ನೀರನ್ನೂ ಕುಡಿಯದೆ ಹೊರಟಿದ್ದ. ಕಾರಿನಿಂದ ಇಳಿಸುವ ಮೊದಲೇ, ‘ಎತ್ತಕ್ಕೆ ಎಲ್ಡಾಳು ಬೇಕು, ಒಬ್ರ ಕೈಲಾಗಾಕಿಲ್ಲ’ ಎಂದೂ ಹೇಳಿದ್ದ. ಚೆಲುವರಾಜು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಐದು ದಿನವೂ ಬಂದವರಿಗೆಲ್ಲ ಎಲ್ಡಾಳು ಬೇಕು ಎಂದು ತಾನೇ ಕಂಡುಹಿಡಿದವನ ಹಾಗೆ ಹೇಳುತ್ತಿದ್ದ. ಬಂದ ಎರಡನೆಯ ದಿನ ಕಾಫಿ ಕುಡಿಸುತ್ತಿದ್ದಾಗ ಅತ್ತೆ, ಸೊಟ್ಟಗಾದ ಬಾಯಿಯ ಒಂದು ಬದಿಯಿಂದ ಸೋರಿದ್ದನ್ನು ಬಲಗೈಯಲ್ಲಿ ತಾನೇ ಒರೆಸಿಕೊಂಡು, ‘ಹಬ್ಬ ಆದ್ಮೇಲೂವೆ ನಾನಿಲ್ಲೇ ಇದ್ಬುಡ್ಲಾ ಚೆಲ್ವ?’ ಎಂದು ಕೇಳಿದ್ದಳು. ಅವನು, ‘ನೋಡಾಣ ಬುಡತ್ತೆ’ ಎಂದಿದ್ದ. ನೋಡೋಣ ಎಂದ ಮೇಲೆ ಅವನು ನೋಡಿದ್ದು ಹೊಗೆಸೊಪ್ಪನ್ನು ಮಾತ್ರ. ನಾಳೆ ಕುಮಾರ ಬರುತ್ತಾನೆ. ಅಷ್ಟರೊಳಗೆ ಇಲ್ಲ ಎನ್ನಬೇಕು ಅಥವಾ ಇರು ಎನ್ನಬೇಕು. ಕೇಳಿದವಳು ಇನ್ನೊಮ್ಮೆ ಕೇಳಲಿಲ್ಲವಾದ್ದರಿಂದ ಎರಡನ್ನೂ ಹೇಳದೆ ತಪ್ಪಿಸಿಕೊಳ್ಳಬಹುದೇನೋ ಎಂಬ ಸಣ್ಣ ಆಸೆಯೂ ಅವನಿಗಿತ್ತು.

ಇದ್ದ ಎರಡು ಕೋಣೆಗಳಲ್ಲಿ ಒಂದರ ತುಂಬ ಹದವಾದ ಸೊಪ್ಪನ್ನು ಅಟ್ಟಿ ಕಟ್ಟಿ, ಗೋಣಿ ಹೊದೆಸಿ ಇಟ್ಟಿತ್ತು. ಅದಕ್ಕೆ ಗಾಳಿ ತಾಕಬಾರದು, ತೇವ ತಾಕಬಾರದು. ಆಗಾಗ ಹೋಗಿ ಗೋಣಿಯೊಳಗೆ ಕೈ ತೂರಿಸಿ ಕಾವು ಏರಿದೆಯಾ ಎಂದು ಅವನು ಮುಟ್ಟಿ ನೋಡಿ ಬರುತ್ತಿದ್ದ. ಅತ್ತೆಗೆ ಹಾಲಿನ ಮೂಲೆ ಸಿಕ್ಕಿತ್ತು. ಅವಳು ಬಂದ ದಿನವೇ ಹೆಂಡತಿ ಯಶೋಧರಾ, ‘ಸೊಪ್ಪ ಬ್ಯಾರನ್ನಿಗೇ ಆಕುದ್ರೆ ಅವ್ವಂಗೆ ರೂಮ್ ಆಯ್ತಿತ್ತು’ ಎಂದಿದ್ದಳು. ಮಳೆ ಬಂದರೆ ಬ್ಯಾರನ್ನು ಸೋರುತ್ತದೆ ಎಂದು ಅವನು ಹೇಳಿದ್ದ. ಮಳೆ ಬರಲೇ ಇಲ್ಲ. ಬಂದಿದ್ದರೆ ತನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದು ಅವನು ದಿನವೂ ಆಕಾಶ ನೋಡುತ್ತಿದ್ದ.

ನಿನ್ನೆಯದನ್ನು ನೆನೆಯಬಾರದು ಎಂದುಕೊಂಡಷ್ಟೂ ಅದು ಮೂಗಿಗೇ ಬರುತ್ತಿತ್ತು. ಯಶೋಧರಾ ಅಂಗನವಾಡಿಯಲ್ಲಿ ಟೀಚರು, ಬೆಳಗ್ಗೆ ಒಂಬತ್ತಕ್ಕೇ ಹೋಗಿದ್ದಳು. ಹಾಲಿನಲ್ಲಿ ಕೂತು ಅವನು ಟೀವಿ ನೋಡುತ್ತಿದ್ದಾಗ ವಾಸನೆ ಬಂತು. ಬೆನ್ನ ಕೆಳಗಿನ ಹುಣ್ಣು ಉರಿಯುತ್ತದೆಂದು ಹಗಲು ಡೈಪರ್ ಕಟ್ಟುತ್ತಿರಲಿಲ್ಲ. ಅತ್ತೆ ಸೂರು ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ‘ಚೆಲ್ವ’ ಎಂದಳು. ಒಂದೇ ಸಲ. ಅವನು ಎದ್ದು, ‘ಬ್ಯಾರನ್ ಬೆಂಕಿ ನೋಡ್ಕ ಬತ್ತೀನತ್ತೆ’ ಎಂದು ಹಿತ್ತಿಲಿಗೆ ಹೋದ. ಬ್ಯಾರನ್ನಿನ ಬೆಂಕಿ ಆರಿ ಒಂಬತ್ತು ದಿನವಾಗಿತ್ತು. ಅದು ಬಾಯಿಗೆ ಬಂದ ಮೇಲೆಯೇ ಅವನಿಗೆ ತಿಳಿದದ್ದು. ಸೊಪ್ಪು ಬೆಳೆಯುವ ಮನೆಯಲ್ಲೇ ಹುಟ್ಟಿದ ಹೆಂಗಸು, ಹೊಗೆ ಬರುತ್ತಿಲ್ಲ, ಸೌದೆಯ ಸದ್ದಿಲ್ಲ, ಪಕ್ಕದ ಕೋಣೆಯಲ್ಲಿ ಸೊಪ್ಪು ಕಟ್ಟಿಟ್ಟಾಗಿದೆ ಎಂಬುದು ಅವಳಿಗೆ ತಿಳಿಯುವುದಿಲ್ಲವೇ. ಬ್ಯಾರನ್ನಿನ ಕತ್ತಲೆಯಲ್ಲಿ ಬೂದಿಯ ಮುಂದೆ ಅವನು ಎರಡೂವರೆ ಗಂಟೆ ಕೂತ. ಮೊದಮೊದಲು, ಸೋದರತ್ತೆಯನ್ನು ಗಂಡಸು ಹೇಗೆ ಮುಟ್ಟುವುದು, ಅವಳಿಗೇ ಮುಜುಗರವಾಗುತ್ತದೆ, ಎಂದು ತನ್ನ ಪರವಾಗಿ ತಾನೇ ವಾದ ಮಾಡಿದ. ಆಮೇಲೆ ಅದೂ ಸಾಕಾಗಿ, ಇನ್ನೊಂದು ಸಲ ಕರೆಯುತ್ತಾಳಾ ಎಂದು ಕಿವಿಗೊಟ್ಟ. ಅವಳು ಕರೆಯಲಿಲ್ಲ. ಒಂದೂವರೆಗೆ ಗೇಟಿನ ಸದ್ದಾಯಿತು, ಆಮೇಲೆ ಬಕೆಟ್ಟಿನ ಸದ್ದು, ನೀರಿನ ಸದ್ದು, ಹೆಂಡತಿ ಮೆಲ್ಲಗೆ ಏನೋ ಹೇಳಿದ ಸದ್ದು. ಎಲ್ಲ ಮುಗಿಸಿಕೊಂಡು ಒದ್ದೆ ಕೈಯಲ್ಲೇ ಯಶೋಧರಾ ಬ್ಯಾರನ್ನಿನ ಬಾಗಿಲಿಗೆ ಬಂದಳು.

‘ಎಷ್ಟೊತ್ತಾಗಿತ್ತು?’

‘ಯಾಕೆ, ಏನಾಯ್ತು? ನಂಗೆ ಗೊತ್ತಾಗ್ನಿಲ್ಲ. ನಾನಿಲ್ಲಿದ್ದೆ.’

‘ಒಣಗೋಗಿತ್ತು’ ಎಂದಳು. ಅಷ್ಟೇ ಹೇಳಿ ಹೋದಳು.

ಅವಳು ಕೆಟ್ಟವಳಾಗಿದ್ದರೆ ಚೆಲುವರಾಜುವಿಗೆ ಎಷ್ಟೋ ಹಗುರವಾಗುತ್ತಿತ್ತು. ಹೆಂಡತಿ ಒಪ್ಪಲಿಲ್ಲ ಎಂದು ಹೇಳಿ ಕೈಬಿಟ್ಟ ಗಂಡಸರು ಊರಲ್ಲಿ ಬೇಕಾದಷ್ಟಿದ್ದಾರೆ, ಅವರ ಜೊತೆ ತಾನೂ ತಲೆ ತಗ್ಗಿಸಿಕೊಂಡು ನಿಲ್ಲಬಹುದಿತ್ತು. ನಿನ್ನೆ ಊಟದ ಹೊತ್ತಿನಲ್ಲಿ ಯಶೋಧರಾ ಸೌಟು ಕೆಳಗಿಟ್ಟು, ಅತ್ತೆಗೆ ಕೇಳಿಸದ ಹಾಗೆ, ‘ಅವ್ವ ಇಲ್ಲೇ ಇರ್ತೀನಿ ಅಂದ್ರಂತೆ. ಇರ್ಲಿ. ಅಲ್ಲಿ ಕೊಟ್ಟಿಗೆ ಪಕ್ಕ ಶೀಟಿನ್ ರೂಮಲ್ಲಿ ಆಕವ್ರೆ, ಹುಣ್ಣು ನೋಡುದ್ರೇ ಗೊತ್ತಾಯ್ತದೆ, ಹೊರಳ್ಸೋರೇ ಇಲ್ಲ. ನಾನು ಬ್ಯಾಡ ಅನ್ನಾಕಿಲ್ಲ. ಒಂದೇ ಮಾತು, ಬೆಳಿಗ್ಗೇದು ನೀವ್ ಮಾಡ್ಬೇಕು. ಮಿಕ್ಕಿದ್ದು ನಂದು’ ಎಂದಿದ್ದಳು. ಬೆಳಗ್ಗೆಯದು ಎಂದರೇನು ಎಂದು ಅವನು ಕೇಳಲಿಲ್ಲ. ಮುದ್ದೆ ಮುರಿಯುತ್ತಾ, ಹೂಂ ಎಂದೂ ಅನ್ನದೆ ಊಹೂಂ ಎಂದೂ ಅನ್ನದೆ, ಸಾರಿಗೆ ಉಪ್ಪು ಕಮ್ಮಿ ಎಂದ. ಅವಳು ಉಪ್ಪು ತಂದಿಟ್ಟಳು.

ಇನ್ನೂ ಒಂದಿತ್ತು, ಅದನ್ನು ಅವನು ಹೆಂಡತಿಗೆ ಈ ಇಪ್ಪತ್ತು ವರ್ಷದಲ್ಲಿ ಹೇಳಿರಲಿಲ್ಲ. ಹೈಸ್ಕೂಲಿನ ಮೂರು ವರ್ಷ ಅವನು ಅತ್ತೆಯ ಮನೆಯಲ್ಲಿದ್ದು ಓದಿದ. ಕೃಷ್ಣರಾಜನಗರದ ಆ ಮನೆಯಲ್ಲಿ ಅತ್ತೆಯ ಗಂಡ, ಮೈದುನರು, ಓರಗಿತ್ತಿಯರು, ಎಂಟು ಹತ್ತು ಮಕ್ಕಳು ಸಾಲಾಗಿ ಮಲಗುತ್ತಿದ್ದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಮೊದಲ ಸಲ ಹಾಗಾದಾಗ ಒದ್ದೆಯ ಮೇಲೇ ಅಲ್ಲಾಡದೆ ಮಲಗಿ, ಬೆಳಗಾಗದಿರಲಿ ಎಂದು ಬೇಡಿಕೊಂಡಿದ್ದ. ಅತ್ತೆ ಎಲ್ಲರಿಗಿಂತ ಮೊದಲು ಎದ್ದವಳು ಅವನನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ಒಂದು ಚೊಂಬು ನೀರು ಸುರಿದು, ‘ಥೂ, ಕತ್ಲೇಲಿ ನೀರು ಚೆಲ್ಬುಟ್ಟೆ, ಏಳ್ಲಾ ಮಗ’ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿ ಚಾಪೆ ಎತ್ತಿಕೊಂಡು ಹೋಗಿದ್ದಳು. ಆಮೇಲೆ ಎಷ್ಟೋ ಬೆಳಗ್ಗೆ ಹಾಗೇ ನೀರು ಚೆಲ್ಲಿತು. ಮೈದುನರು ಅವಳ ಕೈಗೆ ಹಿಡಿತವಿಲ್ಲವೆಂದು ಆಡಿಕೊಂಡರು, ಗಂಡ ಒಮ್ಮೆ ಬೈದ. ಅವನಿಗೆ ಅವಳು ಒಂದು ಮಾತೂ ಆಡಲಿಲ್ಲ. ಇದಕ್ಕೆ ಋಣ ಎನ್ನಬೇಕು, ಕಥೆ ಪುರಾಣಗಳಲ್ಲಾದರೆ ಮನುಷ್ಯ ಇದನ್ನು ನೆನೆದು ಕಣ್ಣೀರು ಹಾಕುತ್ತಾನೆ. ಚೆಲುವರಾಜುವಿಗೆ ಆದದ್ದು ಬೇರೆ. ಅವಳಿಗೆ ಗೊತ್ತಿದೆ ಎಂಬುದನ್ನೇ ಅವನಿಂದ ಸಹಿಸಲಾಗಲಿಲ್ಲ. ಮೂವತ್ತು ವರ್ಷ ಅವಳ ಮನೆಗೆ ಮದುವೆ ತಿಥಿಗಳಿಗೆ ಬಿಟ್ಟರೆ ಹೋಗಲಿಲ್ಲ, ಹೋದಾಗಲೂ ಅವಳ ಎದುರಿಗೆ ಕೂರಲಿಲ್ಲ. ಲಕ್ವ ಹೊಡೆದವರು ಏನೇನೋ ಮಾತಾಡುತ್ತಾರಂತೆ, ಹಳೆಯದೆಲ್ಲ ಬಾಯಿಗೆ ಬರುತ್ತದಂತೆ. ಇಲ್ಲೇ ಇದ್ದರೆ ಎಂದಾದರೂ ಒಂದು ದಿನ ಯಶೋಧರಾ ಎದುರು ನಗುನಗುತ್ತಾ ಹೇಳಿಬಿಟ್ಟರೆ, ಎಂದು ಅವನು ಹೆದರಿದ್ದ. ನಿನ್ನೆ ಎರಡೂವರೆ ಗಂಟೆ ಬೂದಿಯ ಮುಂದೆ ಕೂತಿದ್ದಾಗ ಈ ಭಯವೂ ಅವನ ಪಕ್ಕದಲ್ಲೇ ಕೂತಿತ್ತು. ಅದನ್ನು ಅವನು ತನ್ನ ವಾದದಲ್ಲಿ ಸೇರಿಸಿರಲಿಲ್ಲ.

ಹೊತ್ತು ಇಳಿಯುತ್ತಿದ್ದಂತೆ ಅವನಪ್ಪನ ತಮ್ಮ ಮುದ್ದಯ್ಯ ಬಂದ. ಜವರಯ್ಯ ಸತ್ತ ಮೇಲೆ ಎಡೆ ಹಾಕಿಸುವುದು ಅವನೇ. ಅರವತ್ತೆಂಟು ದಾಟಿದವನು, ಈ ಒಂದು ದಿನ ಮಾತ್ರ ಬಿಳಿ ಪಂಚೆ ಉಟ್ಟು ಯಾರ ಮಾತನ್ನೂ ಕೇಳದೆ ಯಜಮಾನಿಕೆ ಮಾಡುತ್ತಿದ್ದ. ಹಾಲಿನ ಪೂರ್ವದ ಗೋಡೆಗೆ ಕಲಶವಿಟ್ಟು, ಸತ್ತವರಿಗೆಂದು ತಂದ ಹೊಸ ಪಂಚೆ ಸೀರೆಗಳನ್ನು ಮಡಿಸಿಟ್ಟು, ಮುಂದೆ ಐದು ಬಾಳೆಲೆ ಹಾಸಿ, ಅನ್ನ, ಬಾಡಿನ ಸಾರು, ಕೋಳಿ, ವಡೆ, ಕಜ್ಜಾಯ, ಜವರಯ್ಯನ ಎಲೆಯ ಪಕ್ಕಕ್ಕೆ ಒಂದು ಕಟ್ಟು ಬೀಡಿ, ಒಂದು ಲೋಟದಲ್ಲಿ ಬ್ರಾಂದಿ ಇಡಿಸಿದ. ಅತ್ತೆ ಮಂಚದ ಮೇಲಿಂದ ಇದನ್ನೆಲ್ಲ ನೋಡುತ್ತಾ, ‘ಅಣ್ಣಂಗೆ ಈಳ್ಳಿಕಾಯಿ ಉಪ್ಪಿನ್ಕಾಯಿ ಇಕ್ಕವ್ವ, ಅದಿಲ್ದೆ ಉಣ್ಣಾಕಿಲ್ಲ’ ಎಂದಳು. ಯಶೋಧರಾ ಇಕ್ಕಿದಳು. ಅತ್ತೆ ಬರಬೇಕು ಎಂದು ಹಟ ಹಿಡಿದದ್ದು ಇದಕ್ಕೇ ಇರಬಹುದೇ, ಸುಮ್ಮನೆ ಅಣ್ಣನ ಎಲೆಗೆ ಉಪ್ಪಿನಕಾಯಿ ನೆನಪು ಮಾಡುವುದಕ್ಕೆ, ಎಂದು ಚೆಲುವರಾಜುವಿಗೆ ಒಮ್ಮೆ ಅನ್ನಿಸಿತು. ಹಾಗಿದ್ದರೆ ಕೆಲಸ ಮುಗಿಯಿತಲ್ಲ, ನಾಳೆ ಹೋಗಬಹುದಲ್ಲ ಎಂದೂ ಅನ್ನಿಸಿತು. ಇಂಥ ಯೋಚನೆಗಳು ತನಗೆ ಎಷ್ಟು ಸಲೀಸಾಗಿ ಬರುತ್ತವೆ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಧೂಪ ಹಾಕಿ ಎಲ್ಲರೂ ಅಡ್ಡಬಿದ್ದ ಮೇಲೆ ಮುದ್ದಯ್ಯ, ‘ನಡೀರಿ, ನಡೀರಿ ಆಚೀಕೆ’ ಎಂದ. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಹಾಕಬೇಕು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಇರಬಾರದು. ಬೆಕ್ಕನ್ನು ಆಗಲೇ ಓಡಿಸಿಯಾಗಿತ್ತು. ಬಾಗಿಲವರೆಗೆ ಹೋದ ಮುದ್ದಯ್ಯ ತಿರುಗಿ ಮಂಚದ ಕಡೆ ನೋಡಿದ.

‘ಅಕ್ಕನ್ನ?’

ಐದು ದಿನದಿಂದ ಹಬ್ಬದ ಸಾಮಾನಿಗೆ ಹುಣಸೂರಿಗೆ ಮೂರು ಸಲ ಹೋಗಿ ಬಂದಿದ್ದರೂ ಈ ಒಂದು ವಿಷಯ ಚೆಲುವರಾಜುವಿನ ತಲೆಗೆ ಹೊಳೆದಿರಲಿಲ್ಲ.

‘ಜೀವ ಇರೋರು ಒಳಗಿದ್ರೆ ಅವ್ರು ಒಸ್ಲು ದಾಟಾಕಿಲ್ಲ ಕಣ್ಲಾ. ಎತ್ಕ ಬನ್ನಿ’ ಎಂದ ಮುದ್ದಯ್ಯ.

‘ಎಲ್ಡಾಳು ಬೇಕು ಚಿಕ್ಕಪ್ಪ. ಮೂರು ಮೆಟ್ಲು ಅವೆ. ಜಾರುದ್ರೆ ಏನ್ ಗತಿ’ ಎಂದ ಚೆಲುವರಾಜು. ಇಬ್ಬರು ಅಲ್ಲೇ ಇದ್ದರು, ಮೂವರೂ ಇದ್ದರು. ಅವನಿಗೆ ಕಾಣುತ್ತಿದ್ದದ್ದು ಬೀದಿ. ಹಬ್ಬದ ಸಂಜೆ ಬೀದಿಯ ಎರಡೂ ಕಡೆಯ ಮನೆಗಳವರು ಹೀಗೇ ಬಾಗಿಲು ಹಾಕಿಕೊಂಡು ಜಗಲಿಗಳಲ್ಲಿ ಕೂತಿರುತ್ತಾರೆ. ಅವರೆಲ್ಲರ ಎದುರು ಆ ತೂತಿನ ಕುರ್ಚಿ, ಅದರಲ್ಲಿ ಒಂದು ಕಡೆಗೆ ವಾಲಿದ ಅತ್ತೆ, ಸೀರೆಯ ಹಿಂಭಾಗ. ‘ಒಂದ್ ಕೆಲ್ಸ ಮಾಡಾಣ. ಗ್ವಾಡೆ ಕಡೀಕೆ ತಿರುಗ್ಸಿ, ಮೇಲೊಂದು ದುಪ್ಟಿ ಮುಚ್ಬುಡಾಣ. ನೋಡ್ದೆ ಇದ್ರೆ ಆಯ್ತಲ್ಲ.’

ಮುದ್ದಯ್ಯ ಯೋಚಿಸಿದ. ಅವನಿಗೂ ಸೊಂಟ ಅಷ್ಟಕ್ಕಷ್ಟೇ. ದನಿ ತಗ್ಗಿಸಿ, ‘ಆಯ್ತದೇನೋ. ಅವ್ಳೂ ಅರ್ದ ಅತ್ಲಾಗೆ ಸೇರ್ದಂಗೇ ಅಲ್ವಾ’ ಎಂದ. ತಗ್ಗಿಸಿದ ದನಿ ಆ ಹಾಲಿನಲ್ಲಿ ಎಲ್ಲರಿಗೂ ಕೇಳಿಸಿತು. ಯಶೋಧರಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಒಗೆದ ದುಪ್ಪಟಿ ತಂದು, ಅತ್ತೆಯನ್ನು ಗೋಡೆಯ ಕಡೆ ಹೊರಳಿಸಿ, ಕಾಲಿನಿಂದ ಸೊಂಟದವರೆಗೆ, ಸೊಂಟದಿಂದ ಎದೆಯವರೆಗೆ ಎಳೆದ. ಗದ್ದದ ಹತ್ತಿರ ಬರುವಷ್ಟರಲ್ಲಿ ಅವನ ಕೈ ನಿಂತಿತು. ಮುಖಕ್ಕೆ ಬಟ್ಟೆ ಮುಚ್ಚುವುದು ಯಾವಾಗ ಎಂದು ಯಾರಿಗೆ ಗೊತ್ತಿಲ್ಲ. ಅಪ್ಪನ ಮುಖಕ್ಕೆ ಮುಚ್ಚಿದ್ದೂ ಅವನೇ. ಅತ್ತೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ದುಪ್ಪಟಿಯ ಅಂಚನ್ನು ಅವನ ಕೈಯಿಂದ ತನ್ನ ಬಲಗೈಗೆ ತೆಗೆದುಕೊಂಡು, ‘ಬುಡಪ್ಪ, ನಾನೇ ಒದ್ಕತೀನಿ’ ಎಂದು ತಲೆಯ ಮೇಲೆ ಎಳೆದುಕೊಂಡಳು.

ಬಾಗಿಲು ಹಾಕಿ ಜಗಲಿಯಲ್ಲಿ ಕೂತರು. ಎದುರು ಮನೆಯವರೂ ಕೂತಿದ್ದರು. ಯಾರದೋ ಮನೆಯ ಬಾಡಿನ ವಾಸನೆ ಯಾರದೋ ಮನೆಯದರ ಜೊತೆ ಸೇರಿ ಬೀದಿಯ ಮೇಲೆ ನಿಂತಿತ್ತು. ಚೆಲುವರಾಜು ಕಿಟಕಿಯ ಕೆಳಗೆ ಗೋಡೆಗೆ ಒರಗಿದ. ಒಳಗೆ ಒಂದು ಕೆಮ್ಮು ಕೇಳಿಸಿದರೆ ಏನು ಮಾಡುವುದು ಎಂದು ಯೋಚಿಸಿದ. ಕೆಮ್ಮು ಬರಲಿಲ್ಲ. ಮುದ್ದಯ್ಯ ಬೀಡಿ ಹಚ್ಚಿ, ‘ಎಷ್ಟ್ ದಿಸ ಇಟ್ಕಂಡೀಯ್ಲಾ?’ ಎಂದು ಕೇಳಿದ.

‘ಇಲ್ಲೇ ಇರ್ತೀನಿ ಅಂತಾವ್ಳೆ.’

‘ಆಯ್ತದಾ?’

‘ಎಂಗಾಯ್ತದೆ ಚಿಕ್ಕಪ್ಪ. ಯಶೋಧಂಗೆ ಸೊಂಟ್ನೋವು. ಅವ್ಳು ಆಗಾಕಿಲ್ಲ ಅಂತಾಳೆ. ನಂಗೇನೋ ಇರ್ಲಿ ಅಂತ್ಲೇ. ಮನೆ ಹೆಂಗ್ಸು ಒಪ್ದೆ ಇದ್ರೆ ನಾನೇನ್ ಮಾಡ್ಲಿ.’ ಮಾತು ಎಣ್ಣೆ ಹಾಕಿದ ಹಾಗೆ ಹೊರಟಿತು. ‘ನಾಳೀಕೆ ಕುಮಾರ ಬತ್ತಾನೆ. ಕಳ್ಸಿ ಕೈ ತೊಳ್ಕಬುಡ್ತೀನಿ.’

ಯಶೋಧರಾ ಮೆಟ್ಟಿಲ ಮೇಲೆ, ಅವನಿಂದ ಎರಡು ಮಾರು ದೂರದಲ್ಲಿ ಕೂತಿದ್ದಳು. ಅವನು ಹೇಳುವಾಗ ಅವಳು ಅಲ್ಲಿರುವುದು ಗೊತ್ತಿದ್ದೇ ಹೇಳಿದ್ದ. ಹಿರಿಯರ ಎದುರು ಅವಳು ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಎದ್ದು ಇನ್ನೊಂದು ಮೆಟ್ಟಿಲು ಕೆಳಗಿಳಿದು, ಅವನಿಗೆ ಬೆನ್ನು ಹಾಕಿ ಕೂತಳು. ಆಗ ಅವನು ಮೇಲೆ ನೋಡಿದ. ಕಿಟಕಿಯ ಒಂದು ಗಾಜು ಒಡೆದು ಆರು ತಿಂಗಳಾಗಿತ್ತು, ಅದಕ್ಕೆ ರಟ್ಟು ಕಟ್ಟಿದ್ದವನು ಅವನೇ. ಕಿಟಕಿಯ ಆ ಕಡೆ, ಒಂದು ಮೊಳದಲ್ಲಿ, ಅತ್ತೆಯ ಮಂಚ. ಅವಳ ಮುಖ ಇತ್ತ ತಿರುಗಿಸಿ ಮಲಗಿಸಿದ್ದವನೂ ಅವನೇ. ಬಾಯಿಯಿಂದ ಹೋದ ಮಾತನ್ನು ಹಿಡಿದು ತರುವ ಹಾಗಿದ್ದರೆ ಅವನು ಆಗ ಜಗಲಿಯ ಮೇಲೆ ಮಂಡಿಯೂರಿ ತಡಕಾಡುತ್ತಿದ್ದ.

ಕಾಲು ಗಂಟೆಯಾದ ಮೇಲೆ ಮುದ್ದಯ್ಯ ಎದ್ದು, ಬಾಗಿಲ ಮುಂದೆ ಮೂರು ಸಲ ಕೆಮ್ಮಿ, ಚಿಲಕ ಅಲ್ಲಾಡಿಸಿ ಸದ್ದು ಮಾಡಿ ತೆಗೆದ. ಒಳಗೆ ಧೂಪದ ಹೊಗೆ ಸೂರಿನವರೆಗೆ ತುಂಬಿತ್ತು. ಎಲೆಗಳು ಇದ್ದ ಹಾಗೇ ಇದ್ದವು. ಮಂಚದ ಮೇಲೆ ದುಪ್ಪಟಿ ಮುಚ್ಚಿದ್ದು ಮುಚ್ಚಿದ ಹಾಗೇ, ಒಂದು ನೆರಿಗೆಯೂ ಅಲ್ಲಾಡದೆ ಇತ್ತು. ಆ ಕ್ಷಣದಲ್ಲಿ ಚೆಲುವರಾಜುವಿಗೆ ಆದದ್ದು ಬರೀ ಭಯವಲ್ಲ, ಅದರ ಕೆಳಗೆ ಇನ್ನೊಂದು ಇತ್ತು, ಮತ್ತು ಅದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಓಡಿಹೋಗಿ ದುಪ್ಪಟಿ ಸರಿಸಿದ. ಅತ್ತೆ ಕಣ್ಣು ತೆರೆದುಕೊಂಡೇ ಇದ್ದಳು.

ಅವನು ಅವಳನ್ನು ಈ ಕಡೆಗೆ ಹೊರಳಿಸುವಷ್ಟರಲ್ಲಿ ಮುದ್ದಯ್ಯ ಮಂಚದ ಪಕ್ಕ ನೆಲದ ಮೇಲೇ ಕುಕ್ಕರಿಸಿದ್ದ. ಅವನ ಮುಖ ನೋಡಿದರೆ ವಯಸ್ಸೇ ಇಳಿದಂತಿತ್ತು. ಅರವತ್ತು ವರ್ಷದಿಂದ ಎಡೆಯ ದಿನ ಬಾಗಿಲ ಹೊರಗೆ ಕೂತವನು ಅವನು. ಒಳಗೆ ಏನು ನಡೆಯುತ್ತದೆಂದು ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ. ಈಗ ಒಬ್ಬಳು ಇದ್ದಳು.

‘ಅಕ್ಕ, ಬಂದಿದ್ರಾ?’ ಎಂದ, ಪಿಸುಗುಟ್ಟುವ ಹಾಗೆ. ‘ಅಣ್ಣ ಬಂದಿದ್ನಾ? ಏನಾರ ಅಂದ್ನಾ?’

ಚೆಲುವರಾಜುವಿಗೆ ಆಗ ಅರ್ಥವಾಯಿತು. ಹೂಂ, ಬಂದಿದ್ದ, ಇಲ್ಲೇ ಇರು ತಂಗಿ ಅಂದ, ಎಂದು ಅವಳು ಒಂದು ಮಾತು ಹೇಳಿದರೆ ಸಾಕು. ಮುದ್ದಯ್ಯ ಅದನ್ನು ತಲೆಯ ಮೇಲೆ ಹೊತ್ತು ನೆಂಟರ ಮನೆಮನೆಗೂ ಹೇಳಿ ಬರುತ್ತಾನೆ. ಸತ್ತ ಅಪ್ಪನ ಮಾತನ್ನು ಇಲ್ಲ ಎನ್ನುವ ಧೈರ್ಯ ತನಗೆ ಬರುವುದಿಲ್ಲ. ಕುಮಾರ ಬಂದು ಬರಿಗೈಯಲ್ಲಿ ಹೋಗುತ್ತಾನೆ. ಬೆಳಗ್ಗೆಯದು ತನ್ನದಾಗುತ್ತದೆ, ದಿನವೂ, ಅವಳಿರುವವರೆಗೂ. ಅತ್ತೆ ಮೊದಲು ಮುದ್ದಯ್ಯನನ್ನು ನೋಡಿದಳು, ಆಮೇಲೆ ಅವನನ್ನು. ಬ್ಯಾರನ್ನಿನ ಬೆಂಕಿ ನೋಡುತ್ತೇನೆಂದು ಹೋದವನನ್ನು ನೋಡಿದ ಕಣ್ಣೇ ಅದು. ಹೇಳಬೇಡ ಎಂದು ಕಣ್ಣಲ್ಲೇ ಬೇಡಿದ. ಬೇಡಿದ್ದು ಅವಳಿಗೆ ಕಾಣಿಸಿತು.

‘ಯಾರೂ ಬರ್ನಿಲ್ಲ ಕಣೋ ಮುದ್ದ’ ಎಂದಳು. ‘ಆಚೆ ಮಾತಾಡದೊಂದು ಕೇಳುಸ್ತಿತ್ತು.’

ಮುದ್ದಯ್ಯನ ಮುಖ ಬಿದ್ದುಹೋಯಿತು. ಎದ್ದು ನಿಂತು ಪಂಚೆ ಕೊಡವಿಕೊಂಡು, ‘ನಾನ್ ಏಳ್ನಿಲ್ವಾ?’ ಎಂದು ಚೆಲುವರಾಜುವಿನ ಮೇಲೆ ತಿರುಗಿದ. ‘ಒಸ್ಲಲ್ಲೇ ನಿಂತು ಅಸ್ಕಂಡು ಓದ್ರು ನಿಮ್ಮಪ್ಪ ನಿಮ್ಮವ್ವ ಎಲ್ರೂವೆ. ಬಟ್ಟೆ ಮುಚ್ಚುದ್ರೆ ಆಯ್ತದಂತೆ. ಎಲೆ ತಗೀರಿ. ಬೇರೆ ಬಡ್ಸಿ. ಅಕ್ಕನ್ನ ಎತ್ಕಂಡು ನಡೀರಿ ಮೊದ್ಲು.’ ಮುಚ್ಚಿದರೆ ಆಗುತ್ತದೇನೋ ಎಂದು ತಾನೇ ಒಪ್ಪಿದ್ದು ಅವನಿಗೆ ಮರೆತಿತ್ತು. ಯಶೋಧರಾ ಐದು ಎಲೆ ಎತ್ತಿ, ಬೇರೆ ಐದು ಎಲೆ ಹಾಸಿ, ಮತ್ತೆ ಅನ್ನ, ಮತ್ತೆ ಸಾರು, ಮತ್ತೆ ವಡೆ ಬಡಿಸಿದಳು. ಉಪ್ಪಿನಕಾಯಿಯನ್ನೂ ಮರೆಯಲಿಲ್ಲ. ಆಮೇಲೆ ಕುರ್ಚಿಯನ್ನು ಜಗಲಿಗೆ ತೆಗೆದುಕೊಂಡು ಹೋಗಿ, ಅದರ ತೂತಿನ ಮೇಲೆ ಒಂದು ದಿಂಬಿಟ್ಟು ಬಂದು, ಗಂಡನಿಗೆ, ‘ಬೆನ್ನಿಗೆ ಕೈ ಆಕಿ’ ಎಂದಳು. ಜಗಲಿಯಲ್ಲಿ ಅವನು ಆಡಿದ ಮಾತಿನ ನಂತರ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು.

ಅವನು ಒಂದು ಕೈ ಬೆನ್ನ ಹಿಂದೆ, ಒಂದು ಕೈ ತೊಡೆಗಳ ಕೆಳಗೆ ಹಾಕಿದ. ತೋಳಿಗೆ ಒದ್ದೆ ತಗುಲಿತು. ಬಾಗಿಲು ಹಾಕಿದ್ದ ಕಾಲು ಗಂಟೆಯಲ್ಲಿ ಯಾವಾಗಲೋ ಆಗಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡಳು, ಮುಖವನ್ನು ಎಷ್ಟು ತಿರುಗಿಸಲು ಸಾಧ್ಯವೋ ಅಷ್ಟು ಅವನಿಂದ ಆಚೆಗೆ ತಿರುಗಿಸಿಕೊಂಡಳು. ಅವನು ಹೆಂಡತಿ ಕಾಲು ಹಿಡಿಯಲಿ ಎಂದು ಕಾಯುತ್ತಾ ಸ್ವಲ್ಪವೇ ಎತ್ತಿದ. ಅತ್ತೆ ಇಡಿಯಾಗಿ ಅವನ ತೋಳಿಗೆ ಎದ್ದು ಬಂದುಬಿಟ್ಟಳು. ಮೈಯಲ್ಲಿ ತೂಕವೇ ಇರಲಿಲ್ಲ. ಸೊಪ್ಪು ಮಾರುವ ದಿನಗಳಲ್ಲಿ ಅವನು ಇದಕ್ಕಿಂತ ಎರಡು ಪಟ್ಟು ತೂಕದ ಸೊಪ್ಪಿನ ಬೇಲನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಗಾಡಿಗೆ ಹಾಕುತ್ತಿದ್ದ. ಎಲ್ಡಾಳು ಬೇಕು ಎಂಬುದು ಐದು ದಿನವೂ ಸುಳ್ಳಾಗಿತ್ತು, ಕುಮಾರ ಹೇಳಿದಾಗಲೇ ಸುಳ್ಳಾಗಿತ್ತು, ಹಾಗೆ ಹೇಳುವವನಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ. ಹೊಸ್ತಿಲು ದಾಟಿ, ಬೀದಿಯವರೆಲ್ಲ ನೋಡುತ್ತಿದ್ದಂತೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಎದುರು ಮನೆಯ ಹೆಂಗಸು, ‘ಚೆನ್ನಾಗಿದ್ದೀಯಾ ಚಿಕ್ಕಬಸಕ್ಕ’ ಎಂದು ಕೂಗಿದಳು. ಅತ್ತೆ ಬಲಗೈ ಎತ್ತಿದಳು. ಅಷ್ಟೇ, ಬೇರೇನೂ ಆಗಲಿಲ್ಲ. ಆಕಾಶ ಕಳಚಿ ಬೀಳುತ್ತದೆಂದು ಅವನು ಹೆದರಿದ್ದದ್ದು ಇಷ್ಟಕ್ಕೇ. ಇರು ಅತ್ತೆ, ಇಲ್ಲೇ ಇರು, ನಾನು ಮಾಡುತ್ತೇನೆ ಎಂಬ ಮಾತು ಅವನ ಗಂಟಲವರೆಗೆ ಬಂತು. ಅದು ನಿಜವಾಗಿ ಬಂತು. ಅವನ ತೋಳು ಇನ್ನೂ ಒದ್ದೆಯಾಗಿತ್ತು, ಅದನ್ನು ಎಲ್ಲಿ ಒರೆಸುವುದು ಎಂದು ನೋಡುವಷ್ಟರಲ್ಲಿ ಮಾತು ಅಲ್ಲೇ ನಿಂತಿತು.

ಮುದ್ದಯ್ಯ ಬಾಗಿಲು ಹಾಕಿದ. ಈ ಸಲ ಯಾರೂ ಮಾತಾಡಲಿಲ್ಲ, ಮಾತಾಡಿದರೆ ಮತ್ತೆ ಕೆಡುತ್ತದೇನೋ ಎಂಬ ಹಾಗೆ ಎಲ್ಲರೂ ಬಾಗಿಲನ್ನೇ ನೋಡುತ್ತಾ ಕೂತರು. ಯಶೋಧರಾ ತನ್ನ ಸೆರಗಿನಿಂದ ಅತ್ತೆಯ ಕುತ್ತಿಗೆಯ ಬೆವರು ಒರೆಸಿದಳು.

‘ಚೆಲ್ವ’ ಎಂದಳು ಅತ್ತೆ ಮೆಲ್ಲಗೆ. ‘ಕುಮಾರಂಗೆ ಒಂದ್ ಪೋನ್ ಮಾಡಪ್ಪ. ನಾಳೀಕೆ ಒತ್ತಾರೇನೇ ಬರಾಕೇಳು.’

‘ಇರು ಬುಡತ್ತೆ, ಇನ್ನೂ ಎಲ್ಡು ದಿಸ ಇದ್ದು ಓಗೀವಂತೆ. ಏನಂಗೆ ಆತ್ರ.’ ಮನೆಗೆ ಬಂದ ಯಾರಿಗಾದರೂ ಹೇಳುವ ಮಾತು ಅದು. ಹೇಳುತ್ತಿರುವಾಗಲೇ ಅವನ ಕೈ ಜೇಬಿನಿಂದ ಫೋನು ತೆಗೆದಿತ್ತು, ಮಾತು ಮುಗಿಯುವಷ್ಟರಲ್ಲಿ ಹೆಬ್ಬೆರಳು ಕುಮಾರನ ಹೆಸರನ್ನು ಒತ್ತಿತ್ತು. ಅತ್ತೆ ಆ ಹೆಬ್ಬೆರಳನ್ನು ನೋಡಿದಳು. ಯಶೋಧರಾ ಕೂಡ ನೋಡಿದಳು. ಐದು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದು ಅವನಿಗೆ ಉಸಿರಾಡುವುದು ಸುಲಭವಾಯಿತು, ಮೈಯೆಲ್ಲ ಹಗುರವಾಯಿತು, ಅದು ಅವನ ಮುಖದಲ್ಲೂ ಕಂಡಿರಬೇಕು. ಸೊಪ್ಪಿನ ಅಂಟು ಕೈಯಲ್ಲಿರುತ್ತದೆಂದು ಫೋನನ್ನು ಕಿವಿಗೆ ಹಿಡಿಯದೆ ಸ್ಪೀಕರಿನಲ್ಲೇ ಮಾತಾಡುವುದು ಅವನ ಅಭ್ಯಾಸ. ಮೊದಲ ರಿಂಗಿಗೇ ಕುಮಾರ ಎತ್ತಿದ.

‘ಏನ್ ಬಾವ’ ಎಂದ. ‘ಓದ್ಲಾ ಅವ್ವ?’

ಅಳುವಿರಲಿಲ್ಲ, ಗಾಬರಿಯೂ ಇರಲಿಲ್ಲ. ಬಸ್ಸು ಹೋಯಿತಾ ಎಂದು ಕೇಳಿದ ಹಾಗಿತ್ತು. ಮುದ್ದಯ್ಯ ತಲೆ ತಗ್ಗಿಸಿದ. ಸ್ಪೀಕರು ಆರಿಸಲು ಚೆಲುವರಾಜುವಿನ ಬೆರಳು ಗಾಜಿನ ಮೇಲೆ ತಡಕಾಡಿತು, ಆದರೆ ಆರಿಸಿ ಇನ್ನೇನಾಗಬೇಕಿತ್ತು. ಫೋನಿನೊಳಗಿಂದ ‘ಬಾವ? ಬಾವ?’ ಎಂದು ಮತ್ತೆ ಕೇಳಿಸಿತು. ಅವನು ಅತ್ತೆಯ ಕಡೆ ನೋಡಿದ. ಈ ಐದು ದಿನದಲ್ಲಿ ಮೊದಲ ಸಲ ಏನನ್ನೂ ಬೇಡದೆ ಅವಳ ಮುಖವನ್ನು ನೆಟ್ಟಗೆ ನೋಡಿದ್ದು.

‘ಇನ್ನೂ ಇಲ್ಲ ಅನ್ನಪ್ಪ’ ಎಂದಳು ಅವಳು.

ಚೆಲುವರಾಜು ಫೋನನ್ನು ಬಾಯಿಯ ಹತ್ತಿರ ತಂದ. ‘ಇನ್ನೂ ಇಲ್ಲ ಕಣೋ ಕುಮಾರ’ ಎಂದ. ತಡವಾದದ್ದಕ್ಕೆ ಕ್ಷಮೆ ಕೇಳುವವನ ದನಿ ಅದಾಗಿತ್ತು, ಹೇಳಿದ ಮೇಲೆ ಅವನಿಗೇ ಕೇಳಿಸಿತು.